ನೂರಡಿಯ ಗೆರೆ

ಮಹಾನಂದಾ ಶವಪೆಟ್ಟಿಗೆಯಲ್ಲಿದ್ದ ಗಂಡನ ಹಣೆಗೆ ಮೂರನೆಯ ಸಲ ವಿಭೂತಿ ಹಚ್ಚುತ್ತಿದ್ದಳು. ಗೆರೆ ಮತ್ತೆ ಸೊಟ್ಟಗಾಯಿತು.

“ಇರಲಿ ಬಿಡ್ರಿ ವೈನಿ,” ಎಂದ ವಿನಾಯಕ. ಜಡ್ಜ್ ಸಂಗಮೇಶರ ಮೂರೂ ಚುನಾವಣೆಗಳ ಓಡಾಟ ನೋಡಿಕೊಂಡವನು ಅವನೇ. “ಕೂಡಸಾಕ ಕೊಡಲಿಲ್ಲಲ್ರಿ ಇವರು. ಅದ ನನಗ ಸಂಕಟ.”

ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಹ್ಯೂಸ್ಟನ್ನಿನ ಈ ಸ್ಮಶಾನದವರು ಪೆಟ್ಟಿಗೆಯಲ್ಲಿ ಮಲಗಿಸದೆ ಆಗದು ಎಂದುಬಿಟ್ಟಿದ್ದರು. ಎಂಟು ವರ್ಷ ಪೀಠದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಮನುಷ್ಯ ಮಲಗಿ ಹೋಗಬೇಕಾಯಿತು. ಜಗಳವಾಡಲು ಮಹಾನಂದಾಳಲ್ಲಿ ತ್ರಾಣ ಉಳಿದಿರಲಿಲ್ಲ. ಈಗಲಾದರೂ ಮಲಗಿದರಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಪಕ್ಕದಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಫೋಟೋ ಇತ್ತು. ಸೌತ್‌ಲೇಕ್‌ನಿಂದ ರಾತ್ರೋರಾತ್ರಿ ಡ್ರೈವ್ ಮಾಡಿಕೊಂಡು ಬಂದ ಮಗಳು ಪ್ರಗತಿ ಗಡಿಬಿಡಿಯಲ್ಲಿ ಪ್ರಚಾರದ ಫೋಟೋವನ್ನೇ ಮುದ್ರಿಸಿದ್ದಳು. ಅಪ್ಪ ನಕ್ಕ ಫೋಟೋ ಬೇರೆ ಸಿಕ್ಕಿರಲಿಲ್ಲ. ನಗುವ ಮುಖದ ಕೆಳಗೆ ‘ಜಡ್ಜ್ ಸಂಗಮೇಶ್’ ಎಂದು ದಪ್ಪಕ್ಷರ.

ಕೋರ್ಟಿನ ಗುಮಾಸ್ತೆ ಮುಂದೆ ಬಂದು ಬಣ್ಣದ ಪೆನ್ಸಿಲುಗಳ ತಗಡಿನ ಡಬ್ಬಿಯೊಂದನ್ನು ಮಹಾನಂದಾಳ ಕೈಗಿಟ್ಟಳು. ಸಂಗಮೇಶರ ಮುಂದೆ ಬರುತ್ತಿದ್ದುದೆಲ್ಲ ಗಂಡ ಹೆಂಡತಿ ಬೇರೆಯಾಗುವ ಖಟ್ಲೆಗಳು. ಮಗು ಯಾರ ಮನೆಗೆ ಎಂಬುದು ತೀರ್ಮಾನವಾಗುವ ತನಕ ಹೊರಗೆ ಕೂತ ಮಕ್ಕಳಿಗೆ ಈ ಡಬ್ಬಿಯಂತೆ.

“ಸಂಜೆ ತಾವೇ ಒಂದೊಂದು ಪೆನ್ಸಿಲನ್ನೂ ಚೂಪು ಮಾಡಿಟ್ಟು ಹೋಗುತ್ತಿದ್ದರು,” ಎಂದಳು ಗುಮಾಸ್ತೆ, ಇಂಗ್ಲಿಷಿನಲ್ಲಿ.

ಮಹಾನಂದಾ ಡಬ್ಬಿ ತೆರೆದು ನೋಡಿದಳು. ಸಂಜೆ ಆರಿಹೋದ ಸಾರು ಮತ್ತೆ ಮತ್ತೆ ಬಿಸಿ ಮಾಡುತ್ತ ಕಾದವಳು ಅವಳು. ಆ ತಡಕ್ಕೆ ಇಷ್ಟು ಚಿಕ್ಕ ಕಾರಣ ಇದ್ದೀತೆಂದು ಹೊಳೆದೇ ಇರಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮಣ್ಣು ಹಾಕಿ ಮುಗಿದ ಮೇಲೆ ವಿನಾಯಕ ಹತ್ತಿರ ಬಂದ. “ಇದನ್ನ ಇವತ್ತ ಹೇಳಬಾರದ್ರಿ ವೈನಿ. ಮುಂಗಡ ಮತದಾನದ ಕಡೀ ದಿನ ಇವತ್ತ. ಏಳರ ತನಕ ಐತಿ. ಓಟಿಂಗ್ ಸುರು ಆಗಿತ್ತಲ್ಲ, ಅಣ್ಣಾರ ಹೆಸರ ತಗಿಯಾಕ ಬರಂಗಿಲ್ಲ. ಗೆದ್ದರ ಗವರ್ನರ್ ಬ್ಯಾರೇದವರನ್ನ ಕೂಡಸ್ತಾರ. ಆದರೂ...”

“ಅಂಕಲ್, ಪ್ಲೀಸ್! ನಾಟ್ ಟುಡೇ,” ಎಂದು ಪ್ರಗತಿ ಸಿಡುಕಿದಳು.

ಮಹಾನಂದಾ ಫೋಟೋ ಎತ್ತಿಕೊಂಡಳು. “ಲೈಬ್ರರಿ ಕಡೆ ಹೊಡಿ ಗಾಡಿ,” ಎಂದಳು ಮಗಳಿಗೆ.

*

ನಾಲ್ಕು ವರ್ಷದ ಹಿಂದಿನ ಮಾತು. ಆ ಬೇಸಿಗೆಯಲ್ಲಿ ಸಂಗಮೇಶರ ಎದೆಗೆ ಸ್ಟೆಂಟ್ ಬಿದ್ದಿತ್ತು. ಇನ್ನು ಚುನಾವಣೆ ಸಾಕು ಎಂದು ಆಸ್ಪತ್ರೆಯ ಮಂಚದ ಮೇಲೆ ಆಣೆ ಮಾಡಿದವರು ಹದಿನೈದು ದಿನಕ್ಕೆ ಮತ್ತೆ ಅಂಗಳದ ಬೋರ್ಡುಗಳನ್ನು ಕಾರಿಗೆ ತುಂಬಿಸಿದ್ದರು.

ಟೆಕ್ಸಸ್ಸಿನಲ್ಲಿ ನ್ಯಾಯಾಧೀಶರೂ ಓಟು ಕೇಳಬೇಕು. ಅವರ ಹೆಸರು ಬರುವುದು ಹತ್ತಾರು ಹುದ್ದೆಗಳ ಉದ್ದನೆಯ ಪಟ್ಟಿಯ ಕೊನೆಕೊನೆಗೆ. ಒತ್ತಿ ಒತ್ತಿ ಬೇಸತ್ತ ಜನ ಅಲ್ಲಿಗೆ ಬರುವಷ್ಟರಲ್ಲಿ ಬಿಟ್ಟುಬಿಡುತ್ತಾರೆ. ಅದಕ್ಕೇ ಸಂಗಮೇಶರು ಬೆಳಗಿನಿಂದ ಸಂಜೆ ಏಳರವರೆಗೆ ಮತಗಟ್ಟೆಯ ಬಾಗಿಲಿಗೆ ನೂರಡಿ ದೂರದ ಗೆರೆಯ ಮೇಲೆ ನಿಲ್ಲುತ್ತಿದ್ದರು. ಅದರೊಳಗೆ ಪ್ರಚಾರ ಮಾಡುವಂತಿಲ್ಲ. ಅವರ ಬೂಟು ಗೆರೆಯನ್ನು ಒಂದಂಗುಲವೂ ದಾಟುತ್ತಿರಲಿಲ್ಲ. “ಕೊನೇತನಕ ಹೋಗಿ, ನನ್ನ ಹೆಸರು ಅಲ್ಲಿದೆ,” ಎಂದು ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದರು.

ಮಹಾನಂದಾ ಕೊನೆಯ ತನಕ ಹೋಗಿದ್ದಳು. ಗಂಡನ ಹೆಸರು ಕಂಡಿತು. ಒತ್ತಲಿಲ್ಲ. ಇಲ್ಲಿ ಯಾರನ್ನೂ ಆರಿಸಿಲ್ಲ, ಸರಿಯೇ ಎಂದು ಯಂತ್ರ ಕೇಳಿತು. ಸರಿ ಎಂದಳು. ಸೋತು ಮನೆಗೆ ಬರಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ. ಅಷ್ಟೇ ಅವಳಿಗೆ ಬೇಕಾಗಿದ್ದುದು.

ಅವರು ಗೆದ್ದರು, ನಾನೂರು ಚಿಲ್ಲರೆ ಓಟುಗಳಿಂದ. ಎಲ್ಲರೆದುರು ಅವಳ ಕೈ ಹಿಡಿದು, “ಇದರಾಗ ನಿಂದೂ ಒಂದ ಐತಿ ನೋಡು,” ಎಂದಿದ್ದರು. ಅವಳು ತಲೆ ತಗ್ಗಿಸಿದ್ದನ್ನು ಎಲ್ಲರೂ ನಾಚಿಕೆ ಎಂದುಕೊಂಡರು.

*

ಮತಗಟ್ಟೆಯಾಗಿದ್ದ ಲೈಬ್ರರಿಯ ಮುಂದೆ ಕಾರು ನಿಂತಿತು. ಕಳೆದ ಸೋಮವಾರ ಇದೇ ಜಾಗದಲ್ಲಿ, ನಾಲ್ಕು ತಾಸು ನಿಂತ ಮೇಲೆ, ನೀರು ಕುಡಿದು ಬರುತ್ತೇನೆಂದು ಕಾರಿನಲ್ಲಿ ಕೂತ ಸಂಗಮೇಶರು ಮತ್ತೆ ಏಳಲಿಲ್ಲ.

“ಹೋದ ಸಲ ನಾ ನಿಮ್ಮಪ್ಪಗ ಓಟ ಹಾಕಲಿಲ್ಲವ್ವಾ,” ಎಂದಳು ಮಹಾನಂದಾ.

ಪ್ರಗತಿ ಅವಳ ಮುಖ ನೋಡಿದಳು. “ಅಪ್ಪಂಗೆ ಗೊತ್ತಿತ್ತಾ?”

“ಹೇಳಾಕ ಆಗಲಿಲ್ಲ.”

ಫೋಟೋ ಎದೆಗವಚಿಕೊಂಡು ಬಾಗಿಲ ತನಕ ಹೋದವಳನ್ನು ಅಲ್ಲಿದ್ದ ಮತಗಟ್ಟೆ ಸಿಬ್ಬಂದಿಯ ಮುದುಕ ಮೆಲ್ಲಗೆ ತಡೆದ. ಬಿಳಿ ಸೀರೆಯನ್ನೂ ಹಣೆಯ ವಿಭೂತಿಯನ್ನೂ ನೋಡಿ ಅವನಿಗೇ ಕಸಿವಿಸಿಯಾಯಿತು.

“ಕ್ಷಮಿಸಿ, ಮೇಡಂ. ಅಭ್ಯರ್ಥಿಯ ಫೋಟೋ ಇದು. ಗೆರೆ ದಾಟಿ ತರುವ ಹಾಗಿಲ್ಲ.”

“ಹೀ ಈಸ್ ಡೆಡ್!” ಎಂದು ಪ್ರಗತಿ ಕೂಗಿದಳು.

“ಅವರ ತಪ್ಪಿಲ್ಲ ಬಿಡು. ನಿಮ್ಮಪ್ಪ ಇದ್ದರೂ ಒಳಗ ಬರತಿದ್ದಿಲ್ಲ.”

“ಕೊಡಮ್ಮಾ, ಕಾರಲ್ಲಿಡ್ತೀನಿ.”

“ಕಾರಿನಾಗ ಬ್ಯಾಡ. ಮತ್ತ ಅಲ್ಲಿ ಅವರೊಬ್ಬರನ್ನ ಬಿಡಂಗಿಲ್ಲ ನಾ.”

ಅವಳು ನೂರಡಿ ಹಿಂದಕ್ಕೆ ನಡೆದು ಬಂದಳು. ಪ್ರಚಾರಕ್ಕೆ ಇಲ್ಲಿಯವರೆಗೆ ಮಾತ್ರ ಎಂದು ಬರೆದಿದ್ದ ಫಲಕದ ಕಂಬಕ್ಕೆ ಫೋಟೋ ಆನಿಸಿ, ಗೆರೆ ದಾಟಿಲ್ಲವೆಂದು ಬಗ್ಗಿ ನೋಡಿ ಒಳಗೆ ಹೋದಳು.

ಪಟ್ಟಿ ಈ ಸಲವೂ ಉದ್ದವಿತ್ತು. ಕೊನೆಯ ತನಕ ಹೋದಳು. ಒತ್ತಿದ ಬೆರಳನ್ನು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಹೊರಗೆ ಬಂದಾಗ ಆರೂಕಾಲು. ಗಾಳಿಗೆ ಫೋಟೋ ಬೋರಲು ಬಿದ್ದಿತ್ತು. ಪ್ರಗತಿ ಅದನ್ನೆತ್ತಿ ಕಂಕುಳಿಗೆ ಸೇರಿಸಿದಳು. “ಮನೆಗೆ ಹೋಗೋಣಮ್ಮಾ. ಯು ಆರ್ ಸೋ ಟೈರ್ಡ್.”

“ಇನ್ನೂ ಏಳಾಗಿಲ್ಲಲ್ಲ,” ಎಂದಳು ಮಹಾನಂದಾ. ಫೋಟೋ ಇಸಿದುಕೊಂಡು, ಸೆರಗಿನಿಂದ ಮಣ್ಣು ಒರೆಸಿ, ಮತ್ತೆ ಕಂಬಕ್ಕೆ ನಿಲ್ಲಿಸಿದಳು. ಆಮೇಲೆ ಚಪ್ಪಲಿ ಬಿಟ್ಟು, ಗೆರೆಯ ಈಚೆ, ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು.