ಗೇಟಿಲ್ಲದ ರಸ್ತೆ

"ರೈಲ್ವೆ ಆಫೀಸ್" ಎಂದ ಮಗನ ಮಾತು ಪಾರ್ವತೆವ್ವನ ಕಿವಿಗೆ ಬಿತ್ತು. ಕಾಫಿ ಬಗ್ಗಿಸುತ್ತ ಬಂದ ಹೆಂಕ್, ನಿಮ್ಮ ತಾಯಿ ಏನು ಕೆಲಸದಲ್ಲಿದ್ದರು ಎಂದು ಕೇಳಿರಬೇಕು. ಅವಳಿಗೆ ಇಂಗ್ಲಿಷು ಬಾರದಿದ್ದರೂ ಆ ಎರಡು ಪದ ಗೊತ್ತಿದ್ದವು. ಹೆಂಕ್ ಅವಳತ್ತ ತಲೆಬಾಗಿಸಿ ನಕ್ಕ. ಅವಳೂ ನಕ್ಕಳು. ಮಗ ಬಸವಪ್ರಸಾದ ಮಾತ್ರ ರೈಲಿನ ಕಿಟಕಿಯಾಚೆ ನೋಡತೊಡಗಿದ.

ಹೆಂಕ್, ಡಚ್ಚರ ಊರಾದ ವೆಲ್ಡ್‌ಹೋವನ್ನಿನ ಕಂಪನಿಯಲ್ಲಿ ಬಸವಪ್ರಸಾದನ ಹಿರಿಯ ಸಹೋದ್ಯೋಗಿ. ಭಾನುವಾರಗಳಲ್ಲಿ ಈ ಬೋಗಿಯ ಗಾರ್ಡು. ಅವನೂ ಅವನ ಹನ್ನೊಂದು ಮಂದಿ ಗೆಳೆಯರೂ ಸೇರಿ ಗುಜರಿಗೆ ಹೋಗಲಿದ್ದ ಹಳೆಯ ಬೋಗಿಯೊಂದನ್ನು ಕೊಂಡು, ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ್ದರು. ಈಗ ಬಾಡಿಗೆ ಡೀಸೆಲ್ ಇಂಜಿನ್ನಿಗೆ ಅದನ್ನು ಕಟ್ಟಿಕೊಂಡು, ಪ್ಯಾಸೆಂಜರ್ ಗಾಡಿ ಓಡದ ಹಳಿಗಳನ್ನು ಹುಡುಕಿ ಹುಡುಕಿ ಹೋಗುತ್ತಿದ್ದರು. ಇವತ್ತು ಐಂಡ್‌ಹೋವನ್‌ನಿಂದ ಹೊರಟು, ವೇರ್ಟ್ ದಾಟಿ, ಬಯಲಿನ ನಡುವಿನ ಹಳೆಯ ಕಾರ್ಖಾನೆಯೊಂದರ ತನಕ. "ಅತ್ತಿಯವರಿಗೆ ರೈಲಂದ್ರ ಭಾಳ ಸೇರ್ತದ" ಎಂದು ಹಟ ಹಿಡಿದು ಹೊರಡಿಸಿದ್ದು ಸೊಸೆ ಸ್ಮಿತಾ.

ಸೇರುವುದೇನು ಸುಳ್ಳಲ್ಲ. ಪಾರ್ವತೆವ್ವ ಕೆಂಪು ಮಖಮಲ್ಲಿನ ಸೀಟನ್ನು ಅಂಗೈಯಿಂದ ಸವರಿ ನೋಡಿದಳು. ಮೇಜಿನ ಮೇಲೆ ಹಿತ್ತಾಳೆಯ ದೀಪ, ಕಿಟಕಿಗೆ ಬಿಳಿ ಪರದೆ. ಗದಗ–ಬಾಗಲಕೋಟೆ ಮಾರ್ಗದಲ್ಲಿ ವಿಭಾಗದ ಮುಖ್ಯಾಧಿಕಾರಿ ಡಿ.ಆರ್.ಎಂ. ಸಾಹೇಬರ ಸಲೂನು ಬರುತ್ತದೆಂದರೆ ಎರಡು ದಿನ ಮೊದಲೇ ಹಳಿ ದುರಸ್ತಿಯ ಗ್ಯಾಂಗಿನವರಿಗೆ ಬಿಡುವಿರುತ್ತಿರಲಿಲ್ಲ. ಸಾಹೇಬರು ಮನೆಯಂತೆ ಬಳಸುವ ಆ ಒಂಟಿ ಬೋಗಿ ಹಾದುಹೋಗುವಾಗ ಪಿಕಾಸಿ ಕೆಳಗಿಟ್ಟು ಸಾಲಾಗಿ ನಿಲ್ಲಬೇಕು. ಒಳಗೆ ಸೋಫಾ ಇದೆಯಂತೆ, ಅಡಿಗೆಮನೆ ಇದೆಯಂತೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಪರದೆಯ ಅಂಚು ಮಾತ್ರ.

ಗ್ಯಾಂಗ್‌ಮನ್ ಆಗಿದ್ದ ಗಂಡ ಜ್ವರದಲ್ಲಿ ತೀರಿಕೊಂಡಾಗ ಬಸವಪ್ರಸಾದನಿಗೆ ಆರು ವರ್ಷ. ಗಂಡನ ನೌಕರಿ ಅವಳಿಗೆ ಬಂತು. ಇಪ್ಪತ್ಮೂರು ವರ್ಷ ಬಿಸಿಲಲ್ಲಿ ಹಳಿಗೆ ಜಲ್ಲಿ ಖಡಿ ತುಂಬಿದಳು, ಹಳಿಯಡಿಯ ಅಡ್ಡದಿಮ್ಮಿ ಸ್ಲೀಪರು ಎತ್ತಿದಳು. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿಗೆ ಬಿಡಲು ಹೋದ ದಿನ ಮಗ ಮೊದಲ ಸಲ "ಆಫೀಸ್" ಅಂದಿದ್ದ. ಹೊಸ ಹುಡುಗರ ನಡುವೆ ಅವನ ಕಷ್ಟ ಅವನಿಗೆ ಎಂದು ಅವಳು ತಿದ್ದಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ದೊಡ್ಡ ಸುಳ್ಳೇನಲ್ಲ. ಆದರೂ ಕೇಳಿದಾಗಲೆಲ್ಲ ಒಳಗೆಲ್ಲೋ ಚುರ್ ಅನ್ನುತ್ತಿತ್ತು.

ಮುಖ್ಯ ಮಾರ್ಗ ಬಿಟ್ಟು ಗಾಡಿ ಎಡಕ್ಕೆ ಹೊರಳಿತು. ವೇಗ ಸೈಕಲ್ಲಿನಷ್ಟಕ್ಕಿಳಿಯಿತು. ಎರಡೂ ಕಡೆ ಪೈನ್ ಮರಗಳು, ಅವುಗಳ ಬುಡದ ಮರಳಿನಲ್ಲಿ ನೇರಳೆ ಹೂವಿನ ಕುರುಚಲು. ಹಳಿಗಳ ನಡುವೆಯೇ ಹುಲ್ಲು ಬೆಳೆದು ಬೋಗಿಯ ಹೊಟ್ಟೆಗೆ ಸರಸರ ತಾಗುತ್ತಿತ್ತು. ಚಕ್ರದ ಸದ್ದು ಪಾರ್ವತೆವ್ವನಿಗೆ ಬದಲಾದದ್ದು ತಿಳಿಯಿತು. ಇಲ್ಲಿ ಕಾಂಕ್ರೀಟ್ ಸ್ಲೀಪರಲ್ಲ, ಮರದ್ದು.

"ಕಟಗಿ ಸ್ಲೀಪರ್ ಅದಾವು" ಎಂದಳು ಸೊಸೆಗೆ.

"ಅಯ್ಯ, ಕುಂತಲ್ಲೇ ಹೆಂಗ್ ಗೊತ್ತಾತ್ರಿ ಅತ್ತಿ?"

"ಕೇಳಿಲ್ಲಿ, ಸದ್ದು ಮೆತ್ತಗಾತು."

ಆಗಲೇ ಗಾಡಿ ನಿಂತಿತು. ಮುಂದೆ ಸಣ್ಣ ಡಾಂಬರು ರಸ್ತೆಯೊಂದು ಹಳಿಗೆ ಅಡ್ಡ ಬಂದಿತ್ತು. ಗೇಟಿಲ್ಲ, ದೀಪವಿಲ್ಲ. ಯಾವಾಗಲೋ ಒಮ್ಮೆ ಗಾಡಿ ಬಂದಾಗ ಮನುಷ್ಯರೇ ಇಳಿದು ಎರಡೂ ಕಡೆ ರಸ್ತೆ ತಡೆಯಬೇಕಂತೆ. ಬರಬೇಕಿದ್ದ ಇನ್ನೊಬ್ಬ ಗಾರ್ಡಿಗೆ ಬೆಳಿಗ್ಗೆಯಿಂದ ಹುಷಾರಿಲ್ಲ. ಇದನ್ನೆಲ್ಲ ಹೆಂಕ್ ಡಚ್ಚಿನಲ್ಲಿ ಹೇಳುತ್ತಿದ್ದ, ಸ್ಮಿತಾ ಕನ್ನಡಕ್ಕೆ ತಿರುಗಿಸುವುದರಲ್ಲಿದ್ದಳು. ಪಾರ್ವತೆವ್ವನಿಗೆ ಅದು ಬೇಕಾಗಲಿಲ್ಲ. ಹೆಂಕ್‌ನ ಕೈಯಲ್ಲಿ ಕೆಂಪು ಬಾವುಟಗಳು ಎರಡಿದ್ದವು, ಅವನು ಒಬ್ಬನೇ ಇದ್ದ. ಬೋಗಿಯ ಉಳಿದ ಪ್ರಯಾಣಿಕರು ಕ್ಯಾಮರಾ ಕೆಳಗಿಡುವುದರೊಳಗೆ ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಿದ್ದಳು.

"ಯವ್ವಾ, ನೀ ಕುಂದ್ರು" ಎಂದ ಬಸವಪ್ರಸಾದ ತಗ್ಗಿದ ದನಿಯಲ್ಲಿ. "ಇಲ್ಲಿ ರೂಲ್ಸ್ ಬ್ಯಾರೆ ಇರ್ತಾವ."

"ಕೆಂಪು ಬಾವುಟಕ್ಕ ಎಲ್ಲಾ ಕಡೆ ಒಂದಽ ರೂಲು. ತಾ ಇಲ್ಲಿ" ಎಂದು ಹೆಂಕ್‌ನತ್ತ ಕೈ ಚಾಚಿದಳು.

ಹೆಂಕ್ ಒಂದು ಗಳಿಗೆ ಅನುಮಾನಿಸಿದ. ಸ್ಮಿತಾ ಅವನಿಗೆ ಡಚ್ಚಿನಲ್ಲಿ ಏನೋ ಒಂದೇ ಮಾತು ಹೇಳಿದಳು. ಬಾವುಟ ಪಾರ್ವತೆವ್ವನ ಕೈಗೆ ಬಂತು.

ಹೆಂಕ್ ಊರಿನ ಕಡೆ ನಿಂತ, ಅವಳು ಕಾಡಿನ ಕಡೆ. ಕೈಮಗ್ಗದ ಸೀರೆಯ ಮೇಲೆ ಸೊಸೆ ಕೊಟ್ಟ ನೀಲಿ ಜಾಕೀಟು, ಕಾಲಿಗೆ ಮಗನ ಹಳೆಯ ಬೂಟು. ಇಂಜಿನ್ ಸಿಳ್ಳು ಹಾಕಿ ಅಲುಗಿತು. ಅಷ್ಟರಲ್ಲಿ ತಿರುವಿನಿಂದ ಸೈಕಲ್ಲುಗಳು ಬಂದವು. ಹದಿನೈದು ಜನ, ಬಣ್ಣದ ಬಿಗಿ ಉಡುಪು, ತಲೆ ತಗ್ಗಿಸಿ ರೇಸಿನ ವೇಗ. ಮುಂದಿದ್ದವನು ಕೈಬೀಸಿ ಕೂಗಿದ. ಗಾಡಿ ಇನ್ನೂ ರಸ್ತೆಗೆ ಬಂದಿಲ್ಲ, ದಾಟಿಬಿಡುತ್ತೇವೆ ಎನ್ನುವ ಕೂಗು. ಅದು ಯಾವ ಭಾಷೆಯಲ್ಲಾದರೂ ಒಂದೇ.

ಪಾರ್ವತೆವ್ವ ರಸ್ತೆಯ ನಟ್ಟನಡುವೆ ಹೋಗಿ, ಎರಡೂ ಕೈ ತಲೆಯ ಮೇಲೆತ್ತಿ ನಿಂತಳು.

"ಏಯ್! ನಿಂದರ್ರಿ ಅಂದ್ರ ನಿಂದರ್ರಿ!"

ಬ್ರೇಕುಗಳು ಕಿರ್ರೆಂದವು. ಅವಳಿಂದ ಎರಡು ಮಾರು ದೂರದಲ್ಲಿ ಎಲ್ಲರೂ ಕಾಲೂರಿದರು. ಮುಂದಿದ್ದವನು ಗೊಣಗಿದ. ಅವಳು ಅವನತ್ತ ಗಮನ ಕೊಡಲಿಲ್ಲ. ಇಂಜಿನ್ ರಸ್ತೆ ದಾಟಿತು, ಬೋಗಿ ದಾಟಿತು. ಕಿಟಕಿಯಲ್ಲಿ ಮಗನ ಮುಖವಿತ್ತು, ಅವಳು ಮೇಲೆ ನೋಡಲಿಲ್ಲ. ತುಸು ಬಗ್ಗಿ ಚಕ್ರಗಳನ್ನು ಒಂದೊಂದಾಗಿ ನೋಡಿದಳು. ಏನಾದರೂ ಜೋತುಬಿದ್ದಿದೆಯೇ, ಹೊಗೆ ಬರುತ್ತಿದೆಯೇ, ವಾಸನೆ ಇದೆಯೇ. ಏನೂ ಇರಲಿಲ್ಲ. ಕೊನೆಯ ಚಕ್ರ ಹೋದ ಮೇಲೆ ಬಾವುಟವನ್ನು ಕೋಲಿಗೆ ಬಿಗಿಯಾಗಿ ಸುತ್ತಿ ಬದಿಗೆ ಸರಿದಳು. ಗೊಣಗಿದವನು ದಾಟುವಾಗ ಹೆಬ್ಬೆರಳೆತ್ತಿ ಹೋದ.

ಗಾಡಿ ಆಚೆ ನಿಂತು ಕಾಯುತ್ತಿತ್ತು. ಹೆಂಕ್ ಅವಳು ಸುತ್ತಿದ ಬಾವುಟವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ ಒಳಗೆ ಬಂದ. ನೇರ ಬಸವಪ್ರಸಾದನ ಮುಂದೆ ನಿಂತು ಏನೋ ಕೇಳಿದ. ಸ್ಮಿತಾ ನಗು ತಡೆದುಕೊಂಡು ಅತ್ತೆಯ ಕಿವಿಯಲ್ಲಿ ಹೇಳಿದಳು: "ಯಾವ ಆಫೀಸ್ನ್ಯಾಗ ಹಿಂಗ ಬಾವುಟ ಸುತ್ತೂದು ಕಲಸ್ತಾರ ಅಂತ ಕೇಳಾಕತ್ತಾನ್ರಿ."

ಬಸವಪ್ರಸಾದ ತನ್ನ ಕಾಫಿ ಲೋಟ ನೋಡಿದ. ಪಾರ್ವತೆವ್ವ ಮಗನಿಂದ ಕಣ್ಣು ತೆಗೆದಳು. ಹೇಳಿದರೆ ಹೇಳಲಿ, ಬಿಟ್ಟರೆ ಬಿಡಲಿ, ಹುಡುಗನಿಗೆ ಎಲ್ಲರೆದುರು ಮುಜುಗರ ಬೇಡ.

ಅವನು ಮಾತಾಡಿದ. ಅವಳಿಗೆ ತಿಳಿದದ್ದು ಕೆಲವೇ ಪದ. ಟ್ರ್ಯಾಕ್. ಗ್ಯಾಂಗ್. ಟ್ವೆಂಟಿ ತ್ರೀ ಇಯರ್ಸ್. ಮಾತು ಮೊದಲು ತಡವರಿಸುತ್ತ, ಆಮೇಲೆ ತಾನಾಗಿಯೇ ಬರತೊಡಗಿತು. ಪಿಕಾಸಿಗೆ ಇಂಗ್ಲಿಷಿನ ಹೆಸರು ಅವನಿಗೆ ಹೊಳೆಯಲಿಲ್ಲವೆಂದು ತೋರುತ್ತದೆ. ಎದ್ದು ನಿಂತು, ಎರಡೂ ಕೈಯಲ್ಲಿ ಇಲ್ಲದ ಪಿಕಾಸಿ ಎತ್ತಿ ಕೆಳಗೆ ಬಡಿದು ತೋರಿಸಿದ.

"ಹಂಗಲ್ಲೋ!" ಪಾರ್ವತೆವ್ವನಿಗೆ ತಡೆಯಲಾಗಲಿಲ್ಲ. "ಎಡಗೈ ತುದೀಗೆ ಹಿಡಿ. ನಡಾ ಮುರಕೊಂತಿ ಹಂಗ ಹೊಡದ್ರ."

ಅವನು ಕೈ ಬದಲಿಸಿ ಮತ್ತೆ ಬಡಿದ. ಬೋಗಿಯೆಲ್ಲ ನಕ್ಕಿತು. ಅವನೂ ನಕ್ಕ, ಕಿವಿಯ ತನಕ ಕೆಂಪಾಗಿ.

ಉಳಿದ ದಾರಿ ಅವಳಿಗೆ ಪ್ರಶ್ನೆಗಳೇ. ಚಕ್ರದಲ್ಲಿ ಏನು ನೋಡಿದಿರಿ, ಬೇಸಿಗೆಯಲ್ಲಿ ಹಳಿ ಎಷ್ಟು ಹಿಗ್ಗುತ್ತದೆ, ಮಳೆಗಾಲದಲ್ಲಿ ರಾತ್ರಿ ಹಳಿ ಕಾಯುತ್ತ ಯಾರು ನಡೆಯುತ್ತಾರೆ. ಸ್ಮಿತಾ ತಿರುಗಿಸಲು ಬಾಯಿ ತೆರೆದರೆ ಬಸವಪ್ರಸಾದನೇ ಮೊದಲು ಹೇಳುತ್ತಿದ್ದ. ಕೆಲವಕ್ಕೆ ಅವಳನ್ನು ಕೇಳುವ ಮುಂಚೆಯೇ ಉತ್ತರ ಕೊಟ್ಟ. ಇಷ್ಟೆಲ್ಲ ಇವನಿಗೆ ನೆನಪಿದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಕಾರ್ಖಾನೆಯ ಇಟ್ಟಿಗೆ ಗೋಡೆಯ ಮುಂದೆ ಹಳಿ ಮುಗಿಯಿತು. ಇಂಜಿನ್ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಸುತ್ತಿ ಬಂದು ಹಿಂದಿನಿಂದ ಸೇರಬೇಕು. ಜನ ಇಳಿದು ಬುತ್ತಿ ಬಿಚ್ಚಿದರು. ಸ್ಮಿತಾ ಚಪಾತಿ ಸುರುಳಿಯನ್ನು ಹೆಂಕ್‌ನಿಗೂ ಕೊಟ್ಟಳು. ಪಾರ್ವತೆವ್ವ ಆ ಪಕ್ಕದ ಹಳಿಯ ಬಳಿ ಕುಕ್ಕುರುಗಾಲಲ್ಲಿ ಕೂತು ಅದರ ಮೇಲೆ ಅಂಗೈ ಊರಿದಳು. ವರ್ಷಕ್ಕೆ ನಾಲ್ಕು ಸಲ ಗಾಡಿ ಕಂಡರೆ ಹೆಚ್ಚು, ಮೈಯೆಲ್ಲ ತುಕ್ಕು. ಬಿಸಿಲಿಗೆ ಬೆಚ್ಚಗಿತ್ತು.

ಬಸವಪ್ರಸಾದ ಬಂದು ಪಕ್ಕದಲ್ಲಿ ಕೂತ. ಅವನೂ ಹಳಿಗೆ ಕೈ ಊರಿದ.

"ಏನಾರ ಗೊತ್ತಾಕ್ಕತೇನು?" ಎಂದಳು.

"ಇಲ್ಲ... ತಡಿ. ನಡಗಾಕತ್ತೇತಿ."

"ಬಂತು ನೋಡು, ಏಳು." ಅವನ ತೋಳು ಹಿಡಿದು ಎಬ್ಬಿಸಿ ನಾಲ್ಕು ಹೆಜ್ಜೆ ಹಿಂದಕ್ಕೆಳೆದಳು. ಇಂಜಿನ್ ಹುಲ್ಲು ಮಲಗಿಸುತ್ತ ನಿಧಾನವಾಗಿ ಬಂತು. ಡ್ರೈವರ್ ಟೋಪಿ ಎತ್ತಿದ. ಬಸವಪ್ರಸಾದ ಅವನಿಗೆ ಕೈ ಬೀಸಿದ, ಇಂಜಿನ್ ದಾಟಿ ಹೋದ ಮೇಲೂ ಬೀಸುತ್ತಲೇ ಇದ್ದ. ಅವನ ಬಿಳಿ ಅಂಗಿಯ ತೋಳಿನ ಮೇಲೆ ಐದು ಬೆರಳಿನ ಕಂದು ಗುರುತು ಮೂಡಿತ್ತು.