ಮೊದಲ ತಲೆ

ಹೊಸ ಎಂಆರ್‌ಐ ಯಂತ್ರ ಬಂದರೆ ರೋಗಿಗಳಿಗಿಂತ ಮೊದಲು ಸಿಬ್ಬಂದಿಯಲ್ಲೊಬ್ಬರು ಅದರೊಳಗೆ ಮಲಗಬೇಕು ಎಂಬುದು ಆ ಆಸ್ಪತ್ರೆಯ ರೂಢಿ. ಪರೀಕ್ಷೆಗೆಂದೇ ಕಂಪನಿಯವರು ನೀರು ತುಂಬಿದ ಪ್ಲಾಸ್ಟಿಕ್ ಗೋಳವೊಂದನ್ನು ಕೊಟ್ಟಿದ್ದರು. ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಅದು ಸಾಲದು. ನೀರಿನ ಬುರುಡೆಯಲ್ಲಿ ಕಾಣೋದೇನು, ನಿಜವಾದ ತಲೆ ಬೇಕು ಎಂದರು.

ತಂತ್ರಜ್ಞರು ಇಬ್ಬರು, ಇಬ್ಬರೂ ಗುತ್ತಿಗೆಯವರು. ಕಾಯಂ ಆಗಲಿದ್ದ ಹುದ್ದೆ ಒಂದು. ಎಲ್ಲರೂ ಗಿಡ್ಡಣ್ಣ ಎನ್ನುತ್ತಿದ್ದವನು ದವಡೆಹಲ್ಲಿಗೆ ಲೋಹ ಕಟ್ಟಿಸಿದ್ದೇನೆ, ಆಯಸ್ಕಾಂತದ ಯಂತ್ರಕ್ಕೆ ಲೋಹ ಆಗದು ಎಂದು ಮೆಲ್ಲಗೆ ಜಾರಿಕೊಂಡ. ಅವನ ದವಡೆಯನ್ನು ಯಾರೂ ನೋಡಿದವರಿಲ್ಲ. ಹನ್ನೊಂದು ವರ್ಷ ದುಡಿದಿದ್ದ ಇನ್ನೊಬ್ಬಳು ಮಲಗಿದಳು. ಗಟ್ಟಿಗಿತ್ತಿ ಎಂದು ಹೆಸರಾದವಳು ಹಿಂಜರಿಯುವುದುಂಟೆ?

ಇಪ್ಪತ್ತು ನಿಮಿಷದ ಗದ್ದಲ ಮುಗಿಸಿ ಹೊರಬಂದಳು. ಕಂಪನಿಯ ಎಂಜಿನಿಯರು ಹೆಸರಿನ ಜಾಗದಲ್ಲಿ ‘ಪರೀಕ್ಷೆ ೧’ ಎಂದಷ್ಟೇ ಬರೆದಿದ್ದ. ಚಿತ್ರಗಳು ಅಂದಿನ ರೋಗಿಗಳ ಪಟ್ಟಿಯೊಳಗೆ ಸೇರಿ ದೊಡ್ಡ ಡಾಕ್ಟರ ಪರದೆಗೆ ಹೋದವು. ಅವಳು ಕನ್ನಡಿಯ ಮುಂದೆ ಜಡೆ ಸರಿಮಾಡಿಕೊಳ್ಳುತ್ತಿದ್ದಾಗ ಪಕ್ಕದ ಕೋಣೆಯಿಂದ ಅವರ ದನಿ ಕೇಳಿಸಿತು.

“ಯಾರಿದು? ಎಂಎಸ್ ಅಲ್ವಾ? ಮಚ್ಚೆ ಬೆರಳು ಬೆರಳಾಗಿ ನಿಂತಿದೆ ನೋಡಿ. ಪಾಠಕ್ಕೆ ಎತ್ತಿಟ್ಕೊಳ್ಳೋಣ.”

ಎಂಎಸ್ ಎಂದರೆ ದೇಹದ ಕಾವಲು ಪಡೆಯೇ ತಿರುಗಿಬಿದ್ದು ನರಗಳ ಹೊದಿಕೆಯನ್ನು ತಿನ್ನುವ ಕಾಯಿಲೆ. ಅವಳು ಹೋಗಿ ಪರದೆ ನೋಡಿದಳು. ಬಿಳಿ ಮಚ್ಚೆಗಳು, ಒಂಬತ್ತು. ಅಂಥವನ್ನು ಪರರ ತಲೆಗಳಲ್ಲಿ ನೂರಾರು ಕಂಡಿದ್ದಳು.

“ಅದು ನಾನು, ಸಾರ್.”

ನರರೋಗ ತಜ್ಞೆ ಮೊಣಕಾಲು ತಟ್ಟಿದರು, ಕಣ್ಣಿಗೆ ದೀಪ ಹಿಡಿದರು, ಅಂಗಾಲು ಗೀರಿದರು. ಎಲ್ಲ ಸರಿಯಾಗಿತ್ತು. ಲಕ್ಷಣವೇ ಇಲ್ಲದೆ ಕಾಯಿಲೆ ಅನ್ನುವಂತಿಲ್ಲ. ಆದರೆ ಇಂಥ ಮಚ್ಚೆ ಇರುವವರಲ್ಲಿ ಐದು ವರ್ಷದೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಲಕ್ಷಣ ಕಾಣಿಸಿಕೊಳ್ಳುತ್ತದೆ, ಆರು ತಿಂಗಳಿಗೆ ಮತ್ತೆ ನೋಡೋಣ ಎಂದರು.

“ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ್ಯಲ್ಲೇ” ಎಂದಳು ಮನೆಯಲ್ಲಿ ಅಕ್ಕ. ಅಂದಿನಿಂದ ಲೋಟ ಜಾರಿ ಬಿದ್ದರೆ ಅಕ್ಕ ಲೋಟ ನೋಡುತ್ತಿರಲಿಲ್ಲ, ತಂಗಿಯ ಕೈ ನೋಡುತ್ತಿದ್ದಳು.

ತಿಂಗಳೊಳಗೆ ಕಾಯಂ ಹುದ್ದೆಯ ಅರ್ಜಿ ಬಂತು. ‘ನರಸಂಬಂಧಿ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆಗೆ ಹೌದು, ಇಲ್ಲ, ಎರಡೇ ಚೌಕ. ಅತ್ತ ದರಿ, ಇತ್ತ ಪುಲಿ. ತಜ್ಞೆಯ ಮಾತನ್ನೇ ನಂಬಿ ‘ಇಲ್ಲ’ಕ್ಕೆ ಗುರುತು ಹಾಕಿದಳು. ಅದು ಸುಳ್ಳಲ್ಲ.

ಆಯ್ಕೆ ಸಮಿತಿಯಲ್ಲಿದ್ದ ದೊಡ್ಡ ಡಾಕ್ಟರು ಕರೆಸಿದರು.

“ನಾನು ಕಣ್ಣಾರೆ ನೋಡಿದ್ದೀನಮ್ಮ. ನೋಡಿಲ್ಲ ಅಂತ ಹೇಗೆ ಸಹಿ ಹಾಕ್ಲಿ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

“ಮಲಗು ಅಂದಿದ್ದು ಯಾರು, ಸಾರ್?”

ಅವರು ಕನ್ನಡಕ ಒರೆಸಿಕೊಂಡರು. ಹುದ್ದೆ ಗಿಡ್ಡಣ್ಣನಿಗಾಯಿತು. ಬೇಜಾರು ಮಾಡ್ಕೋಬೇಡಿ ಅಕ್ಕ ಎಂದು ಅವನು ಹಲ್ಲುಗಿಂಜುತ್ತ ಬಂದಾಗ ಅವಳು ಕೇಳಿದ್ದು ಇಷ್ಟೇ: “ದವಡೆ ಹೇಗಿದೆಯಪ್ಪ?”

ಮರುವರ್ಷ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದರು. ಮತ್ತೊಂದು ತಲೆ ಬೇಕಾಯಿತು. ರೂಢಿಬಲದಿಂದ ಎಲ್ಲರ ಕಣ್ಣೂ ಅವಳತ್ತ ತಿರುಗಿದವು.

“ನನ್ನ ತಲೆ ನೋಡಾಯ್ತಲ್ಲ. ಈ ಸಲ ನಿಮ್ಮದು ನೋಡೋಣ ಸಾರ್, ಮಲಗಿ. ಮೈಮೇಲೆ ಲೋಹ ಏನಾದ್ರೂ ಇದೆಯಾ?”

ರೋಗಿಗಳನ್ನು ಕೇಳುವ ದನಿಯಲ್ಲೇ ಕೇಳಿದಳು. ದೊಡ್ಡ ಡಾಕ್ಟರು ಕೈಗಡಿಯಾರ ಬಿಚ್ಚಿದರು. ಯಂತ್ರದ ಬಾಯಿಯನ್ನು ಒಂದು ಗಳಿಗೆ ನೋಡಿದರು. ಗಡಿಯಾರವನ್ನು ಮತ್ತೆ ಕಟ್ಟಿಕೊಂಡು, ಆ ನೀರಿನ ಗೋಳ ಎಲ್ಲಿಟ್ಟಿದ್ದೀರಿ ಎಂದರು.

ಅವಳೇ ಬೀರುವಿನಿಂದ ತೆಗೆದಳು, ಎರಡೂ ಕೈಯಲ್ಲಿ, ಬೆರಳುಗಳ ಮೇಲೆ ಕಣ್ಣಿಟ್ಟು. ಧೂಳು ಒರೆಸಿ ಮಲಗಿಸಿದಳು. ಚಿತ್ರ ಬಂತು. ಅಂಚಿನಿಂದ ಅಂಚಿಗೆ ಒಂದೇ ಬೂದು, ಒಂದು ಚುಕ್ಕೆಯೂ ಇಲ್ಲ.

“ಇಷ್ಟು ಸಾಕು” ಎಂದರು ದೊಡ್ಡ ಡಾಕ್ಟರು.