ಚೀಟಿ ಇಲ್ಲದ ಗೂಡು

ಜ್ವರ ಮೊದಲು ಬಂದದ್ದು ಮಾರುಕಟ್ಟೆಯ ಹಿಂದಿನ ಓಣಿಗೆ. ಆಮೇಲೆ ಅದು ಯಾವ ಬೀದಿಗೆ ಹೋಯಿತು, ಎಷ್ಟು ಮನೆ ಹೊಕ್ಕಿತು ಎಂಬುದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ ಸಿಗುತ್ತಿತ್ತು: "ನಮ್ಮನೇಲಿ ಯಾರಿಗೂ ಇಲ್ಲಪ್ಪ, ಪಕ್ಕದ ಮನೇಲಿ ಕೇಳಿ." ಪಕ್ಕದ ಮನೆಯವರು ಅದರ ಪಕ್ಕದ ಮನೆ ತೋರಿಸುತ್ತಿದ್ದರು. ಊರೆಲ್ಲ ಸುತ್ತಿ ಬಂದರೂ ಜ್ವರದ ವಿಳಾಸ ಪಕ್ಕದ ಮನೆಯೇ.

ಆ ಊರಿನ ಲಾಂಡ್ರಿ ಯಜಮಾನನನ್ನು ಎಲ್ಲರೂ ಗಂಜಿಯಪ್ಪ ಎನ್ನುತ್ತಾರೆ. ಅಂಗಿಯ ಕಾಲರಿಗೆ ಅವನು ಹಾಕುವ ಗಂಜಿಗೆ ಅಷ್ಟು ಹೆಸರು. ಅವನ ಕತ್ತೂ ಗಂಜಿ ಹಾಕಿದ ಹಾಗೇ, ಒಮ್ಮೆ ಆಗೋಲ್ಲ ಅಂದರೆ ಬಾಗುವುದಿಲ್ಲ ಎನ್ನುವುದು ಹೆಂಡತಿಯ ಮಾತು. ಅಂಗಡಿಯ ಹಿಂದೆಯೇ ಮನೆ. ಮಗ ಲಾರಿ ಓಡಿಸುತ್ತ ವಾರಗಟ್ಟಲೆ ಹೊರಗಿರುತ್ತಾನೆ. ಸೊಸೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತೆ.

ಬಂದಿರುವುದು ಡೆಂಗಿ ಎಂದು ಖಚಿತವಾದ ಮೇಲೆ ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಲಾಂಡ್ರಿಗೆ ಬಂದರು. ಕೈಯಲ್ಲಿ ಬಟ್ಟೆ ಗಂಟು ಇರಲಿಲ್ಲ.

"ಯಜಮಾನ್ರೇ, ಸಂಜೆ ಹೊತ್ತು ನಿಮ್ಮ ಸೊಸೇನ ಸ್ವಲ್ಪ ನಮಗೆ ಬಿಟ್ಕೊಡಿ. ಒಬ್ಬರು ಮಾಹಿತಿ ಸಂಯೋಜಕಿ ಬೇಕಾಗಿದ್ದಾರೆ."

"ಹೆಸರು ಇಷ್ಟುದ್ದ ಇದೆ, ಸಂಬಳ ಎಷ್ಟುದ್ದ?"

"ಸಂಬಳ ಇಲ್ಲ. ಸ್ವಯಂಸೇವೆ."

"ಹಾಗನ್ನಿ. ಅಲ್ಲ ನರ್ಸಮ್ಮ, ಏನು ಕೆಲಸ ಅದು?"

ಉತ್ತರ ಕೊಟ್ಟವಳು ನರ್ಸಮ್ಮನ ಹಿಂದೆಯೇ ಬಂದು ನಿಂತಿದ್ದ ಸೊಸೆ. ಅವಳಾಗಲೇ ಒಪ್ಪಿಕೊಂಡು ಬಂದಿದ್ದಳು. "ಪ್ರತಿ ಬೀದಿಗೂ ಒಬ್ಬರನ್ನ ಗೊತ್ತು ಮಾಡಿದ್ದಾರೆ ಮಾವ. ಅವರಿಗೆಲ್ಲ ಸಂಜೆ ಫೋನ್ ಮಾಡಿ, ಹೊಸದಾಗಿ ಯಾರಿಗೆ ಜ್ವರ ಬಂದಿದೆ ಅಂತ ಕೇಳಿ ಒಟ್ಟು ಹಾಕ್ಬೇಕು."

ಗಂಜಿಯಪ್ಪ ಇಸ್ತ್ರಿ ಪೆಟ್ಟಿಗೆ ಎತ್ತಿ ಬದಿಗಿಟ್ಟ. "ಎಣಿಸಿಬಿಟ್ರೆ ಜ್ವರ ಇಳಿಯುತ್ತಾ? ಹಾಗಿದ್ರೆ ನಾನೂ ಕೂತು ನನ್ನ ತಲೆಗೂದಲು ಎಣಿಸ್ತೀನಿ, ಉದುರೋದಾದ್ರೂ ನಿಲ್ಲಲಿ."

"ಅದಕ್ಕೆ ಈಗ ಬಹಳ ಹೊತ್ತು ಬೇಕಾಗಿಲ್ಲ ಬಿಡಿ," ಎಂದಳು ಹೆಂಡತಿ ಒಳಗಿನಿಂದ.

ನರ್ಸಮ್ಮ ನಗುತ್ತ ಸ್ಟೂಲಿನ ಮೇಲೆ ಕುಳಿತರು. "ಬೀದಿ ಬಹಳ ಯಜಮಾನ್ರೇ, ನಮ್ಮ ತಂಡ ಎರಡೇ. ಮನೆ ಮನೆಗೆ ಹೋಗಿ ನೀರಿನ ಡ್ರಮ್ ನೋಡ್ಬೇಕು, ಸೊಳ್ಳೆಮರಿ ಇದ್ರೆ ಚೆಲ್ಲಿಸ್ಬೇಕು, ಮಲಗಿದವರ ರಕ್ತ ಪರೀಕ್ಷೆ ಮಾಡಿಸ್ಬೇಕು. ಮೊದಲು ಯಾವ ಬೀದಿಗೆ ಹೋಗೋದು? ಎಲ್ಲಿ ಹರಿದಿದೆ ಅಂತ ಗೊತ್ತಿಲ್ದೆ ತೇಪೆ ಎಲ್ಲಿ ಹಾಕ್ತೀರಿ?"

ಬಟ್ಟೆಯ ಮಾತು ಗಂಜಿಯಪ್ಪನಿಗೆ ನಾಟಿತು. "ಬಿಟ್ಟಿ ಕೆಲಸಕ್ಕೆ ಊರೆಲ್ಲ ನೆಂಟರು," ಎಂದು ಗೊಣಗಿ ಮತ್ತೆ ಇಸ್ತ್ರಿ ಹಿಡಿದ. ಆದರೆ ಮಾರನೆಯ ಸಂಜೆ ಸೊಸೆ ಹೊರಡುವಾಗ ಅವಳ ಛತ್ರಿ ಬಾಗಿಲ ಹತ್ತಿರ ಸಿದ್ಧವಾಗಿತ್ತು. ಅದರ ಹಿಡಿಗೆ ಗಂಜಿ ಮೆತ್ತಿತ್ತು.

ಕೆಲವು ದಿನ ಕಳೆದ ಮೇಲೆ, ರಜೆಯ ಒಂದು ಮಧ್ಯಾಹ್ನ, ಅವಳು ಅಂಗಡಿಯಲ್ಲಿ ಮೇಜಿನ ತುದಿಗೆ ಕುಳಿತು ತಲೆ ಹಿಡಿದುಕೊಂಡಿದ್ದಳು.

"ಏನಾಯ್ತು ತಾಯಿ?"

"ಕೆಲವು ಬೀದಿಯವರು ಫೋನೇ ಎತ್ತಲ್ಲ ಮಾವ. ನನಗಿಂತ ಮುಂಚೆ ಈ ಕೆಲಸ ನೋಡ್ತಿದ್ದವರು ಅಂಥ ಬೀದಿಗಳ ಮುಂದೆಲ್ಲ ಸೊನ್ನೆ ಹಾಕಿಬಿಟ್ಟಿದ್ದಾರೆ. ಸುದ್ದಿ ಬರದಿದ್ರೆ ಕಾಯಿಲೆ ಇಲ್ಲ ಅಂತ ಅರ್ಥಾನಾ?"

ಗಂಜಿಯಪ್ಪ ಕೈಯಲ್ಲಿದ್ದ ಅಂಗಿ ಮಡಿಸಿ, ಗೋಡೆಯ ತುಂಬ ಇದ್ದ ಮರದ ಗೂಡುಗಳ ಕಡೆ ಬೆರಳು ತೋರಿಸಿದ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಗೂಡು. "ಅಲ್ಲಿ ನೋಡು. ಅದು ಖಾಲಿ, ಇದೂ ಖಾಲಿ. ಎರಡೂ ಒಂದೇನಾ?"

"ಅದರಲ್ಲಿ ಚೀಟಿ ಇದೆ."

"ಹೂಂ. ಚೀಟಿ ಇದ್ರೆ ಬಟ್ಟೆ ಒಯ್ದಿದ್ದಾರೆ, ಇಲ್ಲಾ ಈ ಸಲ ಕೊಟ್ಟೇ ಇಲ್ಲ ಅಂತ ನಾನು ಕೇಳಿ ತಿಳ್ಕೊಂಡಿದ್ದೀನಿ. ನೆಮ್ಮದಿ. ಗೂಡು ಖಾಲಿ, ಚೀಟಿನೂ ಇಲ್ಲ ಅಂದ್ರೆ ಎಲ್ಲೋ ಏನೋ ತಪ್ಪಿದೆ. ಅವತ್ತು ನಾನು ಅಂಗಡಿ ಮುಚ್ಚೋಕೆ ಮುಂಚೆ ಆ ಗಿರಾಕಿ ಮನೆಗೆ ಹೋಗಿ ಬರ್ತೀನಿ."

ಸೊಸೆ ಗೂಡುಗಳನ್ನೇ ನೋಡುತ್ತ ಕುಳಿತಳು. ಆ ಸಂಜೆಯಿಂದ, ಬೀದಿವಾರು ಲೆಕ್ಕ ಬರೆಯುವ ಆರೋಗ್ಯ ಕೇಂದ್ರದ ಗೋಡೆಯ ಹಲಗೆಯಲ್ಲಿ ಹೊಸ ಪದ್ಧತಿ ಬಂತು. ಯಾರಿಗೂ ಜ್ವರ ಇಲ್ಲ ಎಂದು ಬೀದಿಯವರು ಬಾಯಿಬಿಟ್ಟು ಹೇಳಿದರೆ ಮಾತ್ರ ಸೊನ್ನೆ. ಏನೂ ಹೇಳದ ಬೀದಿಯ ಜಾಗ ಖಾಲಿ. ಖಾಲಿ ಉಳಿದ ಬೀದಿಗೆ ಬೆಳಿಗ್ಗೆ ಯಾರಾದರೂ ನಡೆದು ಹೋಗಿ ಕೇಳಬೇಕು. ಹೀಗೆ ಹೋದ ಮೊದಲ ಬೀದಿಯಲ್ಲೇ ಮನೆಗೊಬ್ಬರಂತೆ ಮಲಗಿದ್ದರು. ಫೋನ್ ಎತ್ತಬೇಕಾದವರೂ ಮಲಗಿದ್ದರು.

"ನಿಮ್ಮ ಮಾವನ ಚೀಟಿ ಕೆಲಸ ಮಾಡ್ತು," ಎಂದು ನರ್ಸಮ್ಮ ಹೇಳಿ ಕಳುಹಿಸಿದರು. ಗಂಜಿಯಪ್ಪ ಕೇಳಿಸದವನಂತೆ ಇದ್ದ. ಆ ದಿನ ಹೆಂಡತಿಯ ಮುಂದೆ ಆ ಮಾತನ್ನು ಮೂರು ಸಲ ಹೇಳಿದ. ತಮ್ಮ ಬೀದಿಯ ಸುದ್ದಿ ಹೇಳುವ ಹೊಣೆಯನ್ನೂ ತಾನೇ ಹೊತ್ತುಕೊಂಡ. ಸಂಜೆಯಾದರೆ ಮೊಬೈಲನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ.

"ನಮ್ಮ ಬೀದಿ ಏನು ಮಾವ?"

"ಮನೆಮನೆಗೂ ಕೇಳ್ಕೊಂಡು ಬಂದೆ. ಯಾರಿಗೂ ಇಲ್ಲ. ಹಾಕ್ಕೋ ಸೊನ್ನೆ."

ಅದು ನಿಜವಾಗಿತ್ತು. ಅವನಿಗೇ ಜ್ವರ ಬರುವವರೆಗೆ.

ಮೊದಲು ಕಣ್ಣಿನ ಹಿಂದೆ ನೋವು ಬಂತು. ಆಮೇಲೆ ಕೀಲುಕೀಲು ಹಿಡಿದುಕೊಂಡಿತು. ಇಸ್ತ್ರಿ ಪೆಟ್ಟಿಗೆಗಿಂತ ತನ್ನ ಮೈಯೇ ಬಿಸಿ ಎನಿಸಿತು. ಹೆಂಡತಿ ಹಣೆ ಮುಟ್ಟಿ ನೋಡಿದಳು.

"ರೀ, ಸೊಸೆಗೆ ಹೇಳೋಣ."

"ಸುಮ್ನಿರು. ಲಾಡ್ಜಿನ ಮ್ಯಾನೇಜರ್ ಮೊನ್ನೆ ತಾನೆ ಏನಂದ? ಜ್ವರ ಇರೋ ಮನೆಗೆ ಹಾಸಿಗೆ ಬಟ್ಟೆ ಕೊಡಲ್ಲ ಅಂದ. ಲಾಡ್ಜಿನ ಬಟ್ಟೆ ನಿಂತ್ರೆ ಅಂಗಡಿ ನಿಂತ ಹಾಗೆ. ಇವಳಿಗೆ ಹೇಳಿದ್ರೆ ಹಲಗೆ ಮೇಲೆ ಬರೀತಾಳೆ. ಊರಿಗೆ ಡಂಗುರ."

"ಹೆಸರು ಹೊರಗೆ ಹೋಗಲ್ಲ ಅಂದಿದ್ಲಲ್ಲ."

"ಎಲ್ಲರೂ ಹಾಗೇ ಅಂತಾರೆ."

ಸೊಸೆ ಆಫೀಸಿಂದ ನೇರವಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಅಷ್ಟರಲ್ಲಿ ಗಂಜಿಯಪ್ಪ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ; ಬೆಳಿಗ್ಗೆ ಅವಳು ಹೊರಡುವಾಗಲೂ ಹಾಗೇ. "ಸುಸ್ತು," ಎನ್ನುತ್ತಿದ್ದಳು ಅತ್ತೆ, ಕಣ್ಣು ತಪ್ಪಿಸಿ. ಆದರೆ ಅದಕ್ಕೆ ಮುಂಚೆ ಸಂಜೆಯ ಫೋನ್ ಬಂದಿರುತ್ತಿತ್ತು.

"ನಮ್ಮ ಬೀದಿ ಏನು ಮಾವ?"

"ಯಾರಿಗೂ ಇಲ್ಲ."

ಖಾಲಿ ಗೂಡಿಗೆ ಸುಳ್ಳು ಚೀಟಿ ಇಟ್ಟ ಹಾಗಾಯಿತು ಎಂದು ಅವನಿಗೆ ಗೊತ್ತಿತ್ತು. ಜೀವಮಾನದಲ್ಲಿ ಒಂದು ಸಲವೂ ಹಾಗೆ ಮಾಡಿದವನಲ್ಲ. ತಂಡದವರು ಆ ವಾರ ಅವನ ಬೀದಿ ಬಿಟ್ಟು ಬೇರೆ ಕಡೆ ಹೋದರು.

ಜ್ವರ ತಾನಾಗಿಯೇ ಇಳಿಯಿತು. "ನೋಡ್ದೆಯಾ?" ಎಂದು ಹೆಂಡತಿಗೆ ಹೇಳಿ, ಮರುದಿನ ಅವಳು ನೋಡಿಕೊಳ್ಳುತ್ತಿದ್ದ ಅಂಗಡಿಗೆ ಬಂದು ಕುಳಿತ. ಹೊಟ್ಟೆಯಲ್ಲಿ ಮಾತ್ರ ಏನೋ ಹಿಂಡಿದ ಹಾಗೆ ಆಗುತ್ತಿತ್ತು. ಬೆಳಿಗ್ಗೆಯಿಂದ ಎರಡು ಮೂರು ಸಲ ವಾಂತಿಯೂ ಆಗಿತ್ತು.

ಸಂಜೆ ಪಕ್ಕದಂಗಡಿಯ ಟೈಲರ್ ಅಕ್ಕ ಬಂದಳು. ಹೆಗಲ ಮೇಲೆ ಅವಳ ಪುಟ್ಟ ಮಗಳು. ಬೇರೆ ದಿನವಾದರೆ ಬಂದ ಕೂಡಲೇ ಗುಂಡಿ ಡಬ್ಬಿಗೆ ಕೈಹಾಕುವ ಮಗು ಅಂದು ತಲೆ ಎತ್ತಲಿಲ್ಲ.

"ಯಜಮಾನ್ರೇ, ಸೊಂಟ ನೋವಿಗೆ ಅಂತ ನಿಮ್ಮ ಹತ್ರ ಒಂದು ಮಾತ್ರೆ ಇರುತ್ತಲ್ಲ, ಅರ್ಧ ಕೊಡಿ. ಮಧ್ಯಾಹ್ನದಿಂದ ಇವಳಿಗೆ ಮೈ ಕಾದಿದೆ, ಮೈಕೈ ನೋವು ಅಂತ ಅಳ್ತಾಳೆ."

"ಆಸ್ಪತ್ರೆಗೆ ತೋರಿಸಿದೆಯಾ?"

"ಇದು ಆ ಜ್ವರ ಅಲ್ಲ ಬಿಡಿ. ನಮ್ಮ ಬೀದೀಲಿ ಯಾರಿಗೂ ಇಲ್ಲ ಅಂತ ನೀವೇ ದಿನಾ ಹೇಳ್ತೀರಲ್ಲ. ನಿಮ್ಮ ಮಾತು ಅಂದ್ರೆ ನಾವೂ ಧೈರ್ಯವಾಗಿದ್ದೀವಿ."

ಡ್ರಾಯರಿಗೆ ಹೋದ ಗಂಜಿಯಪ್ಪನ ಕೈ ಅಲ್ಲೇ ನಿಂತಿತು. ಡೆಂಗಿ ಇದ್ದವರಿಗೆ ಇಂಥ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವ ಆಗಬಹುದು ಎಂದು ಸೊಸೆ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಅವನು ಡ್ರಾಯರ್ ಮುಚ್ಚಿದ. ಮೇಜಿನ ಮೇಲಿದ್ದ ಮೊಬೈಲ್ ಬಡಿದುಕೊಂಡಿತು.

"ನಮ್ಮ ಬೀದಿ ಏನು ಮಾವ?"

ಗಂಜಿಯಪ್ಪ ಮಗುವಿನ ಕಡೆ ನೋಡಿದ. "ಎರಡು," ಎಂದ. "ಟೈಲರ್ ಅಕ್ಕನ ಮಗಳಿಗೆ ಇವತ್ತು ಶುರುವಾಗಿದೆ. ಇನ್ನೊಂದು ನಾನು. ನನಗೆ ನಾಲ್ಕೈದು ದಿನದಿಂದ ಇತ್ತು. ನಿನಗೆ ಸುಳ್ಳು ಹೇಳ್ದೆ."

ಬೈಗುಳ ಬರುತ್ತದೆ ಎಂದು ಕಾದ. ಬಂದದ್ದು ಪ್ರಶ್ನೆ.

"ಈಗ ಜ್ವರ ಇದೆಯಾ ಮಾವ?"

"ನಿನ್ನೆ ಇಳೀತು."

"ಹೊಟ್ಟೆ ನೋವು? ವಾಂತಿ?"

"ಎರಡೂ ಇದೆ."

"ಜ್ವರ ಇಳಿದ ಮೇಲೆ ಇವು ಬಂದ್ರೆ ಕಾಯಬಾರದು. ಅಂಗಡಿ ಬಿಟ್ಟು ಎಲ್ಲೂ ಹೋಗ್ಬೇಡಿ. ಮಗೂನೂ ಅಲ್ಲೇ ಇರಲಿ. ನರ್ಸಮ್ಮ ಗಾಡಿ ತರ್ತಾರೆ. ಬೈಯೋದು ಆಮೇಲೆ ಇಟ್ಕೊಳ್ಳೋಣ." ಫೋನ್ ಇಡುವ ಮುಂಚೆ ಅವಳು ಇನ್ನೊಂದು ಮಾತು ಹೇಳಿದಳು. "ದೀಪದ ಬುಡದಲ್ಲೇ ಕತ್ತಲೆ ಅನ್ನೋ ಗಾದೆ ನನ್ನ ಪಾಲಿಗೇ ನಿಜ ಆಯ್ತಲ್ಲ ಮಾವ."

ಅಂದೇ ಸಂಜೆ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದರು. ಮಗುವನ್ನು ಬೇಗ ತಂದದ್ದರಿಂದ ಅವಳು ಬೇಗ ಚೇತರಿಸಿಕೊಂಡಳು. ಗಂಜಿಯಪ್ಪನಿಗೆ ಸಲೈನ್ ಏರಿಸಿ, ದಿನಕ್ಕೆ ಹಲವು ಸಲ ರಕ್ತ ಪರೀಕ್ಷೆ ಮಾಡಬೇಕಾಯಿತು. ಇನ್ನೂ ಒಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೆಂಡತಿಗೆ ಹೇಳಿದರು. ಅವಳು ಒಳಗೆ ಬಂದು ಗಂಡನಿಗೆ ಚೆನ್ನಾಗಿ ಬೈದಳು. ಬೈಯುತ್ತಲೇ ಅವನ ಕಾಲು ಒತ್ತಿದಳು.

ತಂಡ ಮಾರನೆಯ ಬೆಳಿಗ್ಗೆಯೇ ಅವರ ಬೀದಿಗೆ ಬಂತು. ಲಾಂಡ್ರಿಯ ಹಿಂದೆ ನೀರು ತುಂಬಿಟ್ಟ ಡ್ರಮ್ಮುಗಳಿದ್ದವು. ಬಟ್ಟೆ ಜಾಲಿಸಲು ಇಟ್ಟ ತಿಳಿನೀರು. ಟಾರ್ಚು ಹಾಕಿ ನೋಡಿದರೆ ಮೂಲೆಯ ಡ್ರಮ್ಮಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

ವಾರ್ಡಿನಲ್ಲಿ, ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿದ್ದ ಗಂಜಿಯಪ್ಪ ಇದನ್ನು ಕೇಳಿ ಸಪ್ಪಗಾದ. "ಅಷ್ಟು ಚೊಕ್ಕ ನೀರು ಅದು, ನರ್ಸಮ್ಮ."

"ಈ ಸೊಳ್ಳೆಗೆ ಚೊಕ್ಕ ನೀರೇ ಬೇಕು. ಕಚ್ಚೋದೂ ಹಗಲಲ್ಲೇ. ಜ್ವರ ಇದ್ದಾಗ ನಿಮ್ಮನ್ನ ಕಚ್ಚಿದ ಸೊಳ್ಳೆ, ಆಮೇಲೆ ಇನ್ನೊಬ್ಬರಿಗೆ ಅಂಟಿಸುತ್ತೆ."

"ಹಾಗಾದ್ರೆ ಆ ಮಗೂಗೆ ನಮ್ಮ ಡ್ರಮ್ಮಿಂದಲೇ ಬಂತಾ?"

"ಅದನ್ನ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ನೀವು ಮೊದಲ ದಿನವೇ ಹೇಳಿದ್ರೆ ಆ ಡ್ರಮ್ಮನ್ನ ಅವತ್ತೇ ಖಾಲಿ ಮಾಡಿಸ್ತಿದ್ವಿ."

ಸಂಜೆ ಸೊಸೆ ಬಂದಳು. ಅವನು ಅವಳ ಮುಖ ನೋಡದೆ ಕೇಳಿದ: "ಹಲಗೆ ಮೇಲೆ ನನ್ನ ಹೆಸರು ಬರೆದೆಯಾ?"

ಅವಳು ಮೊಬೈಲಿನಲ್ಲಿ ಹಲಗೆಯ ಫೋಟೋ ತೋರಿಸಿದಳು. ಬೀದಿ ಇತ್ತು, ಮುಂದೆ ಎರಡು ಎಂಬ ಅಂಕಿ ಇತ್ತು. ಹೆಸರು ಇರಲಿಲ್ಲ. "ಹೆಸರು ಚಿಕಿತ್ಸೆ ಮಾಡೋರಿಗೆ ಮಾತ್ರ ಮಾವ. ಒಬ್ಬರನ್ನೇ ಎರಡು ಸಲ ಎಣಿಸದ ಹಾಗೆ ನಾನೂ ಒಂದು ಸಲ ನೋಡ್ತೀನಿ. ಬೇರೆ ಯಾರಿಗೂ ಹೋಗಲ್ಲ."

ಗಂಜಿಯಪ್ಪ ಮೊಬೈಲನ್ನು ಅವಳ ಕೈಗೆ ಹಿಂದಕ್ಕೆ ಕೊಟ್ಟ. "ಈಗ ಬೈಯಬಹುದು," ಎಂದ.

"ಅತ್ತೆ ಬೈದಾಯ್ತಂತಲ್ಲ. ಎರಡು ಸಲ ಎಣಿಸೋದು ಬೇಡ," ಎಂದು ಅವಳು ಅವನ ಹೊದಿಕೆ ಸರಿಮಾಡಿದಳು.

ಅಂಗಡಿ ಮತ್ತೆ ತೆರೆದ ದಿನ ಲಾಡ್ಜಿನ ಮ್ಯಾನೇಜರ್ ಬಾಗಿಲಲ್ಲೇ ನಿಂತ. "ಮನೇಲಿ ಯಾರಿಗೂ ಜ್ವರ ಇಲ್ಲ ತಾನೆ?"

ಇಲ್ಲ ಎಂದುಬಿಟ್ಟಿದ್ದರೆ ಸುಳ್ಳಾಗುತ್ತಿರಲಿಲ್ಲ. ಜ್ವರ ವಾಸಿಯಾಗಿತ್ತು. ಒಳಬಾಗಿಲಿಗೆ ಹೆಂಡತಿ ಬಂದು ನಿಂತಳು.

"ಬಂದಿತ್ತು. ನನಗೇ ಬಂದಿತ್ತು," ಎಂದ ಗಂಜಿಯಪ್ಪ. "ಬಟ್ಟೆಯಿಂದ ಬರಲ್ಲ ಸ್ವಾಮಿ ಅದು, ಮುಟ್ಟಿದ್ರೂ ಬರಲ್ಲ. ಸೊಳ್ಳೆಯಿಂದ ಬರುತ್ತೆ. ನಮ್ಮ ಡ್ರಮ್ಮಿಗೆಲ್ಲ ಈಗ ಮುಚ್ಚಳ ಇದೆ, ಬಂದು ನೋಡಿ. ವಾರಕ್ಕೊಂದು ಸಲ ಖಾಲಿ ಮಾಡಿ, ಒಳಗೆಲ್ಲ ಉಜ್ಜಿ ತೊಳೀತೀವಿ. ನಿಮ್ಮ ಲಾಡ್ಜಿನ ಮಾಳಿಗೆ ಮೇಲಿನ ಟ್ಯಾಂಕಿಗೆ ಮುಚ್ಚಳ ಇದೆಯಾ?"

ಮ್ಯಾನೇಜರ್ ತಲೆ ಕೆರೆದುಕೊಂಡ. ಬಟ್ಟೆ ಗಂಟನ್ನು ಮೇಜಿನ ಮೇಲಿಟ್ಟು, "ನೋಡಿ ಹೇಳ್ತೀನಿ," ಎಂದು ಹೋದ.

"ನೋಡಿ ಹೇಳದಿದ್ರೆ ನಾನೇ ಬರ್ತೀನಿ," ಎಂದು ಗಂಜಿಯಪ್ಪ ಹಿಂದಿನಿಂದ ಕೂಗಿದ. ಹೋಗಿಯೂ ಬಂದ.

ಈಗ ಸಂಜೆ ಹೊತ್ತು ಸೊಸೆಯ ಜೊತೆ ಅವನೂ ಆರೋಗ್ಯ ಕೇಂದ್ರದಲ್ಲಿ ಕುಳಿತು ಫೋನ್ ಮಾಡುತ್ತಾನೆ. ಯಾರಾದರೂ "ನಮ್ಮ ಬೀದೀಲಿ ಯಾರಿಗೂ ಇಲ್ಲ" ಎಂದು ಬೇಗ ಬೇಗ ಹೇಳಿ ಮುಗಿಸಿದರೆ ಅವನು ಫೋನ್ ಇಡುವುದಿಲ್ಲ. "ನಿಮಗೆ?" ಎಂದು ಮೆತ್ತಗೆ ಕೇಳುತ್ತಾನೆ.

ಓದುವವರೇ, ಕೇಳುವವರೇ, ನಿಮ್ಮ ಊರಿನಲ್ಲೂ ಒಂದು ದಿನ ಹೀಗೆ ಫೋನ್ ಬರಬಹುದು. ನಿಮ್ಮ ಮನೆಯಲ್ಲಿ ಜ್ವರ ಇದ್ದರೆ ಇದೆ ಎನ್ನಿ. ಇಲ್ಲದಿದ್ದರೆ ಇಲ್ಲ ಎಂದೂ ಹೇಳಿ, ಸುಮ್ಮನಿರಬೇಡಿ. ಜ್ವರ ಬಂದಾಗ ಸಿಕ್ಕ ನೋವಿನ ಮಾತ್ರೆ ನುಂಗದೆ ಆಸ್ಪತ್ರೆಗೆ ತೋರಿಸಿ. ಜ್ವರ ಇಳಿದ ಮೇಲೆ ಹೊಟ್ಟೆ ನೋವು, ಬಿಡದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಒಂದು ಗಳಿಗೆಯೂ ಕಾಯಬೇಡಿ. ಫೋನ್ ಮಾಡಿ ಕೇಳುವ ಕೆಲಸಕ್ಕೆ ದೊಡ್ಡ ಓದು ಬೇಕಿಲ್ಲ. ತಾಳ್ಮೆ ಬೇಕು, ಕೇಳಿದ್ದನ್ನು ಕೇಳಿದ ಹಾಗೆ ಬರೆಯುವ ನಿಯತ್ತು ಬೇಕು, ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ಬೇಕು. ಇವು ನಿಮ್ಮಲ್ಲಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, "ಸಂಜೆ ನನಗೆ ಸ್ವಲ್ಪ ಬಿಡುವಿದೆ" ಎಂದು ಹೇಳಿ. ನಿಮ್ಮ ಬೀದಿಯ ಗೂಡು ಚೀಟಿ ಇಲ್ಲದೆ ಖಾಲಿ ಉಳಿಯದಿರಲಿ.